ಇಪ್ಪತ್ತಾರು ಪಾದದ ಅಳತೆ

ಪ್ರೀತಿಯ ಅಕ್ಕ,

ಈ ಕಾಗದವನ್ನು ನಿಂತುಕೊಂಡು ಓದಬೇಡ. ಕೂತ್ಕೊ, ಕನ್ನಡಕ ಹಾಕ್ಕೊ. ನಗು ಬಂದರೆ ನಕ್ಕುಬಿಡು. ಸಿಟ್ಟು ಬಂದರೆ ನನ್ನ ಕಿವಿ ಹಿಂಡಲು ನೇರ ಇಲ್ಲಿಗೇ ಬಾ.

ಮೂರು ಒಲಿಂಪಿಕ್ಸ್ ಓಡಿ ನಿವೃತ್ತಳಾದ ನಾನು ಈಗ ಶಾಲೆಯ ಮೈದಾನದಲ್ಲಿ ಹುಡುಗಿಯರಿಗೆ ರಿಲೇ ಕಲಿಸುತ್ತಿರುವುದು ನಿನಗೆ ಗೊತ್ತೇ ಇದೆ. ಬಾ ಅಂತ ನೂರು ಸಲ ಕರೆದೆ. ನಿನ್ನದು ಒಂದೇ ರಾಗ: "ನಿಧಾನ ಓಡಿ ತಂಡ ಮುಳುಗಿಸಿದವಳು ನಾನು, ಮಕ್ಕಳಿಗೆ ಏನೇ ಕಲಿಸ್ಲಿ?" ಹತ್ತೊಂಬತ್ತು ವರ್ಷದಿಂದ ಇದೇ ಮಾತು. ಆ ಮೊದಲ ಒಲಿಂಪಿಕ್ಸ್‌ನಲ್ಲಿ ಮೂರನೆಯವಳು ನೀನು, ಕೊನೆಯವಳು ನಾನು. ನಿನ್ನ ಬ್ಯಾಟನ್ ನನ್ನ ಕೈಗೆ ಬರುವಷ್ಟರಲ್ಲಿ ಕೈ ಬದಲಿಸಬೇಕಾದ ಜಾಗದ ಗೆರೆ ದಾಟಿಬಿಟ್ಟಿದ್ದೆವು, ತಂಡವನ್ನೇ ಹೊರಗಿಟ್ಟರು. "ತಪ್ಪು ನಂದೇ" ಅಂದೆ ನೀನು, ನಾವೆಲ್ಲ ನಂಬಿದೆವು. ನಾನಾದರೂ ಆಮೇಲೆ ಇನ್ನೆರಡು ಸಲ ಹೋದೆ, ಸೆಮಿಫೈನಲ್ ಮುಟ್ಟಿ ಹುಚ್ಚಿಯ ಹಾಗೆ ಕುಣಿದೆ. ನೀನು ಅವತ್ತು ಬಿಚ್ಚಿದ ಶೂ ಮತ್ತೆ ಹಾಕಲೇ ಇಲ್ಲ.

ನಿನ್ನೆ ಏನಾಯಿತು ಕೇಳು. ಹಿಂದಿನವಳು ಎಲ್ಲಿಗೆ ಬಂದಾಗ ಮುಂದಿನವಳು ಹೊರಡಬೇಕು ಅಂತ ಪಾದದಿಂದ ಅಳೆದು ಟೇಪ್ ಅಂಟಿಸುತ್ತೇವಲ್ಲ, ಅದನ್ನು ಕಲಿಸುತ್ತಿದ್ದೆ. ಒಬ್ಬ ತರಲೆ ಹುಡುಗಿ ಅವರಪ್ಪನ ಶೂ ತೊಟ್ಟು ಅಳೆದಳು. ಟೇಪ್ ಎಲ್ಲೋ ಹಿಂದಕ್ಕೆ ಹೋಯಿತು. ಓಡಿಸಿದರೆ, ಮುಂದಿನವಳು ಬೇಗ ಹೊರಟುಬಿಟ್ಟಳು, ಹಿಂದಿನವಳು ಪಾಪ, ಕೈ ಚಾಚಿಕೊಂಡೇ ಉಳಿದಳು. ಬೈಯಲು ಬಾಯಿ ತೆರೆದೆ, ಅಷ್ಟರಲ್ಲಿ ನನ್ನದೇ ಹಳೇ ಅಳತೆ ನೆನಪಾಯಿತು.

ಅಕ್ಕಾ, ಆ ಒಲಿಂಪಿಕ್ಸ್ ರಿಲೇ ದಿನ ಹಿಮ್ಮಡಿಯ ಗುಳ್ಳೆಗೆ ಒತ್ತುತ್ತದೆ ಅಂತ ಶೂ ಕೈಯಲ್ಲಿ ಹಿಡಿದು, ನಮ್ಮ ಕೋಚ್ ಸರ್ ಚಪ್ಪಲಿ ಮೆಟ್ಟಿಕೊಂಡೇ ಟ್ರ್ಯಾಕಿಗೆ ಇಳಿದಿದ್ದೆ. ಅದರಲ್ಲೇ ಅಳೆದೆ! ಆ ದೋಣಿಯಂಥ ಚಪ್ಪಲಿಯಲ್ಲಿ ಇಪ್ಪತ್ತಾರು ಪಾದ, ಒಂದೊಂದಕ್ಕೂ ಎರಡೆರಡು ಇಂಚು ಹೆಚ್ಚು. ಮೈದಾನದೊಳಗೆ ಹೋಗುವ ಮುಂಚೆ ನೀನು ಕೇಳಿದ್ದೆ, "ಅಳತೆ ನೆನಪಿದ್ಯೇನೇ?" ನಾನು ಜಂಬ ಕೊಚ್ಚಿದ್ದೆ, "ನೀನು ಕಣ್ಣು ಮುಚ್ಕೊಂಡು ಓಡಕ್ಕ!"

ಟ್ರ್ಯಾಕಿನ ಮೇಲೇ ಕೂತು ನಕ್ಕೆ, ನಗುತ್ತಲೇ ಅತ್ತೆ. ಮೇಡಂಗೆ ಬಿಸಿಲು ಬಡಿಯಿತು ಅಂತ ಹುಡುಗಿಯರು ತಲೆಗೆ ನೀರು ಸುರಿದರು. ಕ್ಷಮಿಸಿಬಿಡಕ್ಕ. ನನ್ನ ತಪ್ಪನ್ನು ಇಷ್ಟು ವರ್ಷ ನೀನು ಹೊತ್ತುಕೊಂಡೆ.

ಒದ್ದೆ ತಲೆಯಲ್ಲೇ ಕೋಚ್ ಸರ್‌ಗೆ ಫೋನ್ ಮಾಡಿದೆ. ಅವತ್ತು ಸಿಟ್ಟಿನಿಂದ ಪೆಟ್ಟಿಗೆಗೆ ಎಸೆದಿದ್ದ ನೋಟ್‌ಬುಕ್ಕನ್ನು ಪಟ್ಟು ಹಿಡಿದು ತೆಗೆಸಿದೆ. ನಾಲ್ವರೂ ಓಡಿದ ಸಮಯವನ್ನು ಬೇರೆ ಬೇರೆ ಬರೆದಿದ್ದರು. ನಿನ್ನದನ್ನು ಎರಡು ಸಲ ಓದಿದರು. ನಿನ್ನ ಜೀವಮಾನದಲ್ಲೇ ಅಷ್ಟು ಜೋರಾಗಿ ನೀನು ಯಾವತ್ತೂ ಓಡಿರಲಿಲ್ಲವಂತೆ, ಅಕ್ಕ.

ಸೋಮವಾರ ಬೆಳಿಗ್ಗೆ ಆರಕ್ಕೆ ಹದಿನಾಲ್ಕು ಹುಡುಗಿಯರು ಸಾಲಾಗಿ ನಿಂತು ನಿನಗಾಗಿ ಕಾಯುತ್ತಾರೆ. ಮೊದಲು ನನಗೆ ಹೊಟ್ಟೆ ತುಂಬಾ ಬೈದುಬಿಡು, ಆಮೇಲೆ ಅವರಿಗೆ ಓಡುವುದನ್ನು ಕಲಿಸು. ನಿನ್ನ ಕಾಲಿನ ಶಕ್ತಿ ನೂರು ವರ್ಷ ಹೀಗೇ ಇರಲಿ.

ನಿನ್ನ ಬೈಗುಳಕ್ಕೆ ಕಾದು ಕೂತಿರುವ,
ತಂಗಿ