ಆ ಅಣ್ಣತಮ್ಮರಿಗೆ ಮನೆ ಸಿಕ್ಕಿತೇ

ಅಪ್ಪಾ,

ನೀನು ತೀರಿಕೊಂಡು ವರ್ಷವಾಯಿತು. ಓದುವುದಿಲ್ಲ ಎಂದು ಗೊತ್ತಿದ್ದೇ ನಿಜ ಬರೆಯುತ್ತಿದ್ದೇನೆ.

ನಾನು ಶಾಲೆ ಬಿಟ್ಟರೂ ನೀನು ನನ್ನ ಪಾಠದ ಇಂಗ್ಲಿಷ್ ಕಾದಂಬರಿಯನ್ನು ಬಿಡಲಿಲ್ಲ. ಕೆಲಸ ಸಿಗದ ಕಾಲದ ಅಮೆರಿಕದಲ್ಲಿ ಕೂಲಿಗಾಗಿ ಅಲೆಯುವ ಅಣ್ಣತಮ್ಮರ ಕಥೆ ಅದು. ಅವರಿಗೆ ಸ್ವಂತ ಮನೆಯ ಕನಸು. ಊಟಕ್ಕೆ ಕೂತಾಗಲೆಲ್ಲ ನೀನು ಕೇಳುತ್ತಿದ್ದೆ: "ಅವರಿಗೆ ಮನಿ ಸಿಕ್ತೇನಪಾ?" ನನ್ನನ್ನು ಮತ್ತೆ ಶಾಲೆಗೆ ಕಳಿಸುವ ಉಪಾಯವೆಂದುಕೊಂಡು ನಾನು "ಗೊತ್ತಿಲ್ಲ" ಎಂದು ಎದ್ದುಹೋಗುತ್ತಿದ್ದೆ.

ಈಗ ನಾನೂ ಅವರಂತೆ ಕೂಲಿಗೆ ಪಾರ್ಕ್ ರಾಯಲ್ ಕೈಗಾರಿಕಾ ಪ್ರದೇಶದ ಸ್ಯಾಂಡ್‌ವಿಚ್ ಕಾರ್ಖಾನೆಯಲ್ಲಿದ್ದೇನೆ. ಇವತ್ತು ಕ್ಯಾಂಟೀನಿನಲ್ಲಿ ಆ ಕಾದಂಬರಿಯ ಕೊನೆಯ ಪುಟ ಮುಗಿಸುವಾಗ ಸುಡಾನಿನ ಇದ್ರಿಸ್ ಎದುರಿಗೆ ಬಂದು ಕೂತ. ಯಾರದೋ ಫೋನ್ ಕಳೆದಾಗಿನಿಂದ ಅವನ ಜೊತೆ ಯಾರೂ ಕೂರುವುದಿಲ್ಲ. ನಾನೂ ನನ್ನ ಫೋನನ್ನು ಜೇಬಿಗೆ ಹಾಕಿಕೊಂಡೆ. ಅವನು ನಕ್ಕು ತನ್ನ ಫೋನನ್ನೂ ನನ್ನತ್ತ ತಳ್ಳಿದ: "ಇದನ್ನೂ ಜೋಪಾನ ಮಾಡು ತಮ್ಮಾ, ಇಲ್ಲಿ ಕಳ್ಳರಿದ್ದಾರಂತೆ."

ಆಮೇಲೆ ಪುಸ್ತಕದಲ್ಲಿ ಏನಿದೆ ಎಂದ. ಹೇಳಿದೆ.

"ಮನೆ ಸಿಕ್ಕಿತೇ?"

ಇವನೇಕೆ ಕೇಳುತ್ತಿದ್ದಾನೆ ಎಂದು ಮತ್ತೆ ಅನುಮಾನ. "ಇಲ್ಲ" ಎಂದೆ.

"ಅದು ಗೊತ್ತಿತ್ತು ಬಿಡು. ನಿನ್ನ ಜೊತೆ ಮಾತಾಡಬೇಕಿತ್ತು, ಅದಕ್ಕೇ ಕೇಳಿದೆ."

ಅಪ್ಪಾ, ನಿನಗೂ ಗೊತ್ತಿತ್ತೇ?