ಉಡಿಯಕ್ಕಿ

ಸದಲಗಾ, 2 ನವೆಂಬರ್ 2015, ಬೆಳಿಗ್ಗೆ 7
ವೈನಿಗೆ ಮಾತ್ರೆ ಕೊಟ್ಟೆ. ಎಂಟನೇ ದಿನ. ಬೆಲ್ಲದ ಚೂರು ಇಲ್ಲದೆ ನುಂಗುವುದಿಲ್ಲ. ನನ್ನ ಗರ್ಭಕೋಶ ತೆಗೆದು ನಾಲ್ಕು ವರ್ಷ. ನನ್ನ, ಗಂಡ ಕುಣಾಲನ ಮೂರು ಭ್ರೂಣ ಕೊಲ್ಹಾಪುರದ ದವಾಖಾನೆಯ ಫ್ರೀಜರಿನಲ್ಲಿವೆ. ಒಂಬತ್ತನೇ ತಾರೀಖು ಒಂದನ್ನು ಕಾಂಚನ ವೈನಿಯ ಹೊಟ್ಟೆಯಲ್ಲಿ ಇಡುತ್ತಾರೆ. ಅಣ್ಣನ ಹೆಂಡತಿ, ಎರಡು ಹೆತ್ತವಳು, ತಾನೇ ಮುಂದೆ ಬಂದಳು. "ಬಾಡಿಗಿ ಬ್ಯಾಡ, ಹೊಟ್ಟಿ ಕಡ ಕೊಡ್ತೀನಿ" ಅಂದಿದ್ದಳು.

6 ನವೆಂಬರ್
ಡಾಕ್ಟರು ಫೈಲು ಮುಚ್ಚಿ ಮಾತಾಡಿದರು. ಸರ್ಕಾರದ ಹೊಸ ಆದೇಶ. ಪರದೇಶದವರಿಗೆ ಬಾಡಿಗೆ ತಾಯಿ ಇಲ್ಲ. ನಮ್ಮ ಹಾಗೆ ಇಲ್ಲಿ ಹುಟ್ಟಿ ಪರದೇಶದವರಾದ ಓಸಿಐ ಕಾರ್ಡಿನವರಿಗೂ ಇಲ್ಲ. ಕಾರ್ಡು ಮುಂದಿಟ್ಟೆ. 'ಸಿಟಿಜನ್' ಅಂತಿದೆ, ಓದಿ ಅಂದೆ. ಹೆಸರಿಗಷ್ಟೇ, ಪಾಸ್‌ಪೋರ್ಟ್ ಬ್ರಿಟನ್ನಿನದು ಅಂದರು. ಕರೆದು ಕೂರಿಸಿ ಪಂಕ್ತಿಯಿಂದ ಎಬ್ಬಿಸಿದ ಹಾಗಾಯಿತು. ಅಲ್ಲಿ ಸಿಟ್ಟು ಬಂತು. ಅಳು ಬಸ್ಸಿನಲ್ಲಿ.

13 ನವೆಂಬರ್
ದೀಪಾವಳಿ ಹೇಗೋ ಮುಗಿಯಿತು. ಇವತ್ತು ಚಿಕ್ಕೋಡಿ, ಜಿನ್ನಪ್ಪ ವಕೀಲರು. ಕಾರ್ಡು ಸಿಕ್ಕು ಐದು ವರ್ಷ ಆಗಿರಬೇಕು — ಇಬ್ಬರದೂ ಏಳಾಯಿತು. ಅರ್ಜಿಗೆ ಮೊದಲು ಒಂದು ವರ್ಷ ಇಲ್ಲೇ ವಾಸ. ಆಮೇಲೆ ಭಾರತದ ಪೌರತ್ವ ಕೇಳಬಹುದು; ಸಿಕ್ಕರೆ ಈ ಆದೇಶ ನಮಗೆ ತಗಲದು. ಬ್ರಿಟಿಷ್ ಪಾಸ್‌ಪೋರ್ಟ್ ಬಿಡಬೇಕು.
"ಗ್ಯಾರಂಟಿ ಇಲ್ರಿ. ಅಷ್ಟರಾಗ ಕಾಯ್ದೆನೂ ಬದಲಾಗಬಹುದು" ಅಂದರು.
ಗ್ಯಾರಂಟಿ ಕೇಳಿದವರು ಯಾರು? ಇಂಗ್ಲೆಂಡಿನ ಲೆಸ್ಟರಿಗೆ ಫೋನ್ ಮಾಡಿದೆ. ಕುಣಾಲ ಎಲ್ಲವನ್ನೂ ಎರಡು ಸಲ ಹೇಳಿಸಿಕೊಂಡ. ನೌಕರಿ ಬಿಟ್ಟು ಜನವರಿಗೆ ಬರುತ್ತೇನೆ ಅಂದ.

16 ನವೆಂಬರ್
ನಾಳೆ ವಿಮಾನ ಅಂತಲೇ ಅವ್ವ ತಿಳಿದಿದ್ದಾಳೆ. ಉಡಿ ತುಂಬಿದಳು — ಐದು ಬೊಗಸೆ ಅಕ್ಕಿ, ಕಾಯಿ, ಕುಬಸ. ಈ ಅಕ್ಕಿ ಗಂಡನ ಮನೆಯಲ್ಲೇ ಬೇಯಬೇಕು. ಪ್ರತಿ ಸಲ ಕಟ್ಟಿಕೊಂಡು ಹೋಗಿದ್ದೇನೆ. ಏರ್‌ಪೋರ್ಟಿನವರಿಗೆ ಅರ್ಥ ಹೇಳಿ ಹೇಳಿ ಸಾಕಾಗಿದೆ. ಸಾಕು.

17 ನವೆಂಬರ್
ಟಿಕೆಟ್ ಕ್ಯಾನ್ಸಲ್. ಅಡುಗೆಮನೆಗೆ ಹೋಗಿ ಉಡಿಯಕ್ಕಿ ತೊಳೆದೆ. ಅವ್ವ ಓಡಿ ಬಂದು ಕೈ ಹಿಡಿದಳು.
"ತವರ ಮನ್ಯಾಗ ಉಡಿ ಅಕ್ಕಿ ಬೇಯಸ್ತಾರೇನ?"
"ತವರಿಗಿ ಬಂದಾಕಿ ಹೋಗ್ತಾಳವ್ವಾ. ನಾ ಹೋಗೂದಿಲ್ಲ. ಇದ ನನ್ನ ಮನಿ."
ಕೈ ಬಿಡಲಿಲ್ಲ. ವೈನಿ ಬಂದು ಪಾತ್ರೆಗೆ ನೀರು ಹೊಯ್ದಳು.
"ಕುದೀಲಿ ಬಿಡ್ರಿ. ಒಂದ ವರ್ಷದಾಗ ನನ್ನ ಹೊಟ್ಟಿ ಎಲ್ಲಿಗೂ ಓಡಿ ಹೋಗೂದಿಲ್ಲ."
ಇದು ಒಂದನೇ ದಿನ. ಅಕ್ಕಿ ಕುದಿಯುತ್ತಿದೆ. ಅವ್ವ ಡಬ್ಬಿಗಳನ್ನು ಒಂದೊಂದಾಗಿ ತೆರೆದು ನೋಡುತ್ತಿದ್ದಾಳೆ. ಈಗ ಕೇಳಿದಳು — ಬೆಲ್ಲ ಎಲ್ಲಿ? ಉಡಿಯಕ್ಕಿ ಸಿಹಿಯೇ ಆಗಬೇಕಂತೆ. ಬೆಲ್ಲ ವೈನಿಯ ಮಾತ್ರೆಗಳ ಪಕ್ಕದಲ್ಲಿದೆ. ಕೊಟ್ಟು ಬರುತ್ತೇನೆ.