ಕೊನೆಯ ಬದುವಿನವರೆಗೆ ಚರಗ

ಅತ್ತಿ,

ನೀವು ತೀರಿಕೊಂಡ ಮೇಲೆ ಇದು ಮೊದಲ ಎಳ್ಳಮಾವಾಸ್ಯೆ. ಈ ಸಲ ಭೂತಾಯಿಗೆ ಚರಗದ ಎಡೆಯನ್ನು ಹೊಳೆದಂಡೆಯ ಕೊನೆಯ ಬದುವಿನವರೆಗೂ ಚೆಲ್ಲಿ ಬಂದೆ! ಹೌದು, ಆ ಸವಳು ಮೂಲೆಯಲ್ಲೂ.

ಪ್ರತಿವರ್ಷ ಆ ಬಿಳಿ ನೆಲ ಕಂಡ ಕೂಡಲೇ ನೀವು ಬುಟ್ಟಿ ಹೊತ್ತು ಹಿಂದಿರುಗುತ್ತಿದ್ದಿರಿ. "ಬೆಳಿ ಇಲ್ಲದಲ್ಲಿ ಚರಗ ಯಾರಿಗೆ ಚೆಲ್ಲೂದು?" ಎನ್ನುತ್ತಿದ್ದಿರಿ. ಕರೆಂಟ್ ಬಂದಾಗೆಲ್ಲ ಮೋಟಾರ್ ತಾನೇ ಶುರುವಾಗುವಂತೆ ಇಟ್ಟು, ಕಬ್ಬಿಗೆ ನೀರು ಹಾಯಿಸಿ ಹಾಯಿಸಿ ಉಪ್ಪು ಮೇಲೆದ್ದ ನೆಲ ಅದು. ನಾನು ಅಲ್ಲಿಗೆ ನೀರು ಬಿಡುವುದನ್ನು ಕಡಿಮೆ ಮಾಡಿ, ನಿಂತ ನೀರು ಹರಿದುಹೋಗಲು ಬಸಿಗಾಲುವೆ ತೋಡಿಸಿ, ನೆಲದೊಳಗಿನ ನೀರು ಎಷ್ಟು ಮೇಲೇರಿದೆ ಎಂದು ನೋಡಲು ಪೈಪು ಹುಗಿದಾಗ ನೀವು ರೇಗಿದಿರಿ.

"ಹೊಳಿ ತುಂಬಿ ಹರೀತೈತಿ. ನಿನಗ್ಯಾಕ ಈ ಜುಗ್ಗತನ?"

"ಹೊಳ್ಯಾಗ ಎಷ್ಟೈತಿ ಅನ್ನೂದಲ್ರಿ ಅತ್ತಿ, ಮಣ್ಣು ಎಷ್ಟು ತಾಳತೈತಿ ಅನ್ನೂದು ನೋಡಬೇಕು."

ಆಮೇಲೆ ನೀವು ಆ ಮೂಲೆಗೆ ಬರಲಿಲ್ಲ. ನಾನೂ ಕರೆಯಲಿಲ್ಲ.

ಇವತ್ತು ಅಲ್ಲಿ ಬಿಳಿಜೋಳ ನನ್ನ ಎದೆಮಟ್ಟ ನಿಂತಿದೆ. ಪೈಪಿನೊಳಗಿನ ನೀರು ಅಂದು ನಾನು ಹಾಕಿದ ಗುರುತಿಗಿಂತ ಎಷ್ಟೋ ಕೆಳಗಿದೆ. ನಿಮ್ಮ ಮಗ ಮಾತ್ರ ರೂಢಿಯಂತೆ ಹಳೆಯ ಜಾಗದಲ್ಲೇ ಹಿಂದೆ ತಿರುಗಿದರು.

"ಎಲ್ಲಿ ಹೊಂಟ್ರಿ? ಹೊಲ ಇನ್ನೂ ಐತಿ!" ಎಂದೆ.

ಅವರು ನಕ್ಕು ನನ್ನ ಹಿಂದೆ ಬಂದರು. ಜೋಳದೊಳಗೆ ನುಗ್ಗಿ, ಹೊಳೆಯಾಚೆಗೂ ಕೇಳುವಂತೆ ಕೂಗುತ್ತ ಚರಗ ಚೆಲ್ಲಿದೆ.

ಒಂದು ಸಜ್ಜಿ ಕಡುಬನ್ನು ಉಳಿಸಿಕೊಂಡಿದ್ದೆ. ಬರುವಾಗ ನೀವು ತಿರುಗುತ್ತಿದ್ದ ಜಾಗದಲ್ಲಿ ಇಟ್ಟೆ. ಅಲ್ಲಿಂದ ಮುಂದಕ್ಕೂ ಈಗ ದಾರಿ ಇದೆ, ಅತ್ತಿ.

ನಿಮ್ಮ ಸೊಸೆ,
ಉಮಾಶ್ರೀ